ಸಂಜೆ ಕಂಡ ಬೆಳ್ಳಿ ನಸುಕಿನಲ್ಲಿ ಪೂರ್ವಕ್ಕೆ ಹೋದದ್ದು ಹೇಗೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. 2025ರ ಜನವರಿ, ಫೆಬ್ರವರಿಯಲ್ಲಿ ಸಂಜೆ ಪಶ್ಚಿಮಕ್ಕೆ ಒಂದು ಚುಕ್ಕಿ ಭಾರಿ ಹೊಳೆಯುತ್ತಿತ್ತು. ಮಾರ್ಚ್ ಮಧ್ಯಕ್ಕೆ ಮಾಯವಾಯಿತು. ಏಪ್ರಿಲ್‌ನಲ್ಲಿ ನಸುಕಿಗೆ ಹೊಲಕ್ಕೆ ಹೋಗುವಾಗ ಪೂರ್ವಕ್ಕೆ ಅಂಥದ್ದೇ ಒಂದು ಕಂಡಿತು. ಆಗಸ್ಟ್‌ನಲ್ಲಿ ಅಲ್ಲೇ ಎರಡು ಅಕ್ಕಪಕ್ಕ ಇದ್ದವು. ಮೊಬೈಲ್ ಆ್ಯಪ್ ಒಮ್ಮೆ ಶುಕ್ರ ಅನ್ನುತ್ತದೆ, ಒಮ್ಮೆ ಗುರು ಅನ್ನುತ್ತದೆ. ಗ್ರಹ ಯಾವುದು, ನಕ್ಷತ್ರ ಯಾವುದು ಅಂತ ಬರಿಗಣ್ಣಿನಲ್ಲಿ ಗುರುತಿಸೋದು ಹೇಗೆ? ನಮ್ಮ ತಂದೆ ರೋಹಿಣಿ ಮಳೆ, ಆರಿದ್ರಾ ಮಳೆ ಅಂತ ಲೆಕ್ಕ ಹೇಳುತ್ತಿದ್ದರು. ಆದರೆ ಆ ದಿನಗಳಲ್ಲಿ ಆ ನಕ್ಷತ್ರಗಳೇ ಆಕಾಶದಲ್ಲಿ ಸಿಗುವುದಿಲ್ಲವಲ್ಲ, ಯಾಕೆ? ಎಂಟನೇ ತರಗತಿಯ ಮಗಳಿಗೆ ದೂರದರ್ಶಕ ಕೊಡಿಸಬಹುದಾ?

ಉತ್ತರ: ಸಂಜೆಯ ಚುಕ್ಕಿಯೂ ನಸುಕಿನ ಚುಕ್ಕಿಯೂ ಒಂದೇ. ಅದು ಶುಕ್ರ, ನಮ್ಮ ಹಳ್ಳಿಗಳ ಮಾತಿನಲ್ಲಿ ಬೆಳ್ಳಿ. ಆಗಸ್ಟ್‌ನಲ್ಲಿ ಅದರ ಪಕ್ಕ ಬಂದದ್ದು ಗುರು. 2025ರ ಆಗಸ್ಟ್ 12ರ ನಸುಕಿನಲ್ಲಿ ಅವೆರಡರ ನಡುವೆ ಒಂದು ಡಿಗ್ರಿಗಿಂತ ಕಡಿಮೆ ಅಂತರ ಇತ್ತು. ಎರಡರಲ್ಲಿ ಜಾಸ್ತಿ ಹೊಳೆಯುತ್ತಿದ್ದದ್ದು ಶುಕ್ರ, ಗುರುವಿಗಿಂತ ಸುಮಾರು 7 ಪಟ್ಟು. ಅಷ್ಟು ಹತ್ತಿರ ಇದ್ದಾಗ ಆ್ಯಪ್ ತಡವರಿಸಿದರೆ ಆಶ್ಚರ್ಯವಿಲ್ಲ. ಫೋನಿನ ದಿಕ್ಸೂಚಿ ಕಬ್ಬಿಣದ ಹತ್ತಿರ ದಿಕ್ಕು ತಪ್ಪುತ್ತದೆ. ತಗಡಿನ ಚಾವಣಿ, ನೀರಿನ ಟ್ಯಾಂಕಿನ ಸ್ಟ್ಯಾಂಡ್, ಬೈಕು ಇವುಗಳಿಂದ ದೂರ ಬಯಲಿಗೆ ಬಂದು, ಫೋನನ್ನು ಗಾಳಿಯಲ್ಲಿ 8ರ ಆಕಾರಕ್ಕೆ ನಾಲ್ಕಾರು ಸಲ ಆಡಿಸಿ ನೋಡಿ. ಬಹಳಷ್ಟು ಸರಿಹೋಗುತ್ತದೆ.

ಶುಕ್ರ ಸೂರ್ಯನನ್ನು ಸುತ್ತುವ ದಾರಿ ನಮ್ಮ ದಾರಿಯ ಒಳಗಡೆ ಇದೆ. ಹಾಗಾಗಿ ನಮಗೆ ಅದು ಸೂರ್ಯನಿಂದ ದೂರ ಹೋದ ಹಾಗೆ ಕಾಣುವುದೇ ಇಲ್ಲ. ಹೆಚ್ಚೆಂದರೆ 47 ಡಿಗ್ರಿ. ಸೂರ್ಯನ ಒಂದು ಪಕ್ಕದಲ್ಲಿದ್ದಾಗ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಉಳಿಯುತ್ತದೆ, ಇನ್ನೊಂದು ಪಕ್ಕಕ್ಕೆ ಹೋದಾಗ ಸೂರ್ಯನಿಗಿಂತ ಮೊದಲೇ ಪೂರ್ವದಲ್ಲಿ ಮೂಡುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಏನಾದರೂ ಜೋರಾಗಿ ಹೊಳೆಯುತ್ತಿದ್ದರೆ ಅದು ಶುಕ್ರ ಅಲ್ಲವೇ ಅಲ್ಲ. ಹೆಚ್ಚಿನ ಸಲ ಅದು ಗುರುವೇ ಆಗಿರುತ್ತದೆ.

ನೀವು ಹೇಳಿದ ಮಾರ್ಚ್ ತಿಂಗಳ ಮಾಯಾಟಕ್ಕೆ ಕಾರಣ ಇದೇ. 2025ರ ಮಾರ್ಚ್ 23ಕ್ಕೆ ಶುಕ್ರ ನಮಗೂ ಸೂರ್ಯನಿಗೂ ನಡುವೆ ಹಾದುಹೋಯಿತು. ಆಗ ಅದು ನಮ್ಮಿಂದ ಸುಮಾರು 4 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಇಷ್ಟು ಹತ್ತಿರ ಇದ್ದಾಗ ಸೂರ್ಯನ ಈ ಪಕ್ಕದಿಂದ ಆ ಪಕ್ಕಕ್ಕೆ ಬೇಗ ದಾಟಿಬಿಡುತ್ತದೆ. ಎರಡು ವಾರದ ಹಿಂದೆ ಸಂಜೆ ಕಂಡದ್ದು ಈಗ ನಸುಕಿಗೆ ಕಾಣುತ್ತದೆ. ಸೂರ್ಯನ ಹಿಂದುಗಡೆ ದಾಟುವಾಗ ಮಾತ್ರ ಕಥೆ ಬೇರೆ. ಆಗ ದೂರ ಸುಮಾರು 26 ಕೋಟಿ ಕಿಲೋಮೀಟರ್. ನಮ್ಮ ಕಣ್ಣಿಗೆ ತುಂಬ ನಿಧಾನವಾಗಿ ಸರಿಯುತ್ತದೆ, ಹಾಗಾಗಿ ಒಂದೂವರೆ, ಎರಡು ತಿಂಗಳು ಸಿಗುವುದೇ ಇಲ್ಲ. 2026ರ ಜನವರಿ 6ಕ್ಕೆ ಹಾಗೆ ಹಿಂದಿನಿಂದ ದಾಟುವುದರಿಂದ ಡಿಸೆಂಬರ್‌ನಿಂದಲೇ ಬೆಳ್ಳಿ ಕಾಣೆ. ಫೆಬ್ರವರಿಯಲ್ಲಿ ಸಂಜೆಯ ಕಡೆ ಬರುತ್ತದೆ.

ಈ ಇಡೀ ಸುತ್ತಿಗೆ 584 ದಿನ ಬೇಕು. ಐದು ಸುತ್ತು ಸೇರಿದರೆ 2,920 ದಿನ, ಎಂಟು ವರ್ಷಕ್ಕೆ ಎರಡೇ ದಿನ ಕಡಿಮೆ. ಹಾಗಾಗಿ ಎಂಟು ವರ್ಷಕ್ಕೊಮ್ಮೆ ಬೆಳ್ಳಿಯ ಆಟ ಹೆಚ್ಚುಕಡಿಮೆ ಅದೇ ತಾರೀಕುಗಳಿಗೆ ಮರಳುತ್ತದೆ. 2017ರ ಮಾರ್ಚ್ ಕೊನೆಗೂ ಹೀಗೇ ಸಂಜೆಯಿಂದ ನಸುಕಿಗೆ ದಾಟಿತ್ತು, 2033ರ ಮಾರ್ಚ್‌ನಲ್ಲಿ ಮತ್ತೆ ದಾಟುತ್ತದೆ. ನಿಮ್ಮ ಮಗಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಬರೆದಿಟ್ಟರೆ ಇದನ್ನು ತಾನೇ ಪರೀಕ್ಷೆ ಮಾಡಿ ನೋಡಬಹುದು. ಇಂಥದ್ದೊಂದು ಲೆಕ್ಕ ಸ್ವಂತ ಕಣ್ಣಿಗೆ ಸರಿಹೊಂದಿದಾಗ ಸಿಗುವ ಖುಷಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ ಅಂತ ನಾನು ನಂಬಿದ್ದೇನೆ.

ಈಗ ಗುರುತಿಸುವ ವಿಷಯ. ಕಲಿಯುವವರಿಗೆ ನಡುರಾತ್ರಿಗಿಂತ ಮುಸ್ಸಂಜೆಯೇ ಒಳ್ಳೆಯದು. ಕತ್ತಲಾದ ಮೇಲೆ ಹಳ್ಳಿಯ ಆಕಾಶದಲ್ಲಿ ಸಾವಿರಾರು ಚುಕ್ಕಿ. ಯಾವುದು ಏನು ಅಂತ ತಲೆ ಕೆಡುತ್ತದೆ. ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ನೋಡಿದರೆ ಕಾಣುವುದು ಬೆರಳೆಣಿಕೆಯಷ್ಟೇ. ಅವೆಲ್ಲ ಮುಖ್ಯವಾದವೇ. ಮೊದಲು ಶುಕ್ರ, ಅದು ಇದ್ದರೆ ಐದು ಹತ್ತು ನಿಮಿಷದಲ್ಲೇ ಕಾಣುತ್ತದೆ. ಆಮೇಲೆ ಗುರು, ಆಮೇಲೆ ಲುಬ್ಧಕ (ಸಿರಿಯಸ್) ನಕ್ಷತ್ರ. ಇಪ್ಪತ್ತು ನಿಮಿಷ ದಾಟಿದ ಮೇಲೆ ಅಗಸ್ತ್ಯ, ಸ್ವಾತಿ, ಅಭಿಜಿತ್, ಬ್ರಹ್ಮಹೃದಯ, ಹೀಗೆ ಆ ಕಾಲಕ್ಕೆ ಯಾವುದು ಮೇಲಿದೆಯೋ ಅವು. ಶನಿ ಇನ್ನೂ ಸ್ವಲ್ಪ ತಡ. ನಸುಕಿನಲ್ಲಿ ಇದೇ ಸಾಲು ಹಿಂದುಮುಂದಾಗಿ ಅಳಿಸಿಹೋಗುತ್ತದೆ, ಕೊನೆಗೆ ಉಳಿಯುವುದು ಬೆಳ್ಳಿ. ಕರ್ನಾಟಕದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಇದೆಲ್ಲ ಬೇಗ ಮುಗಿಯುತ್ತದೆ. ಒಂದೂಕಾಲು ಗಂಟೆಯಲ್ಲಿ ಪೂರ್ತಿ ಕತ್ತಲೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ರಾತ್ರಿಯಿಡೀ ಪೂರ್ತಿ ಕತ್ತಲಾಗುವುದೇ ಇಲ್ಲ.

ದೂರ ಅಳೆಯಲು ಕೈ ಸಾಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ. ಪೂರ್ಣಚಂದ್ರ ಅರ್ಧ ಡಿಗ್ರಿ ಮಾತ್ರ, ಕಿರುಬೆರಳಿನ ಹಿಂದೆ ಆರಾಮಾಗಿ ಅಡಗುತ್ತಾನೆ. ನಂಬಿಕೆ ಬರದಿದ್ದರೆ ಹುಣ್ಣಿಮೆಯ ದಿನ ಚಂದ್ರ ಮೂಡುವಾಗ ಕೈ ಚಾಚಿ ನೋಡಿ. ಬಾನಂಚಿನಲ್ಲಿ ಅಷ್ಟು ದೊಡ್ಡದಾಗಿ ಕಾಣುವ ಚಂದ್ರನೂ ಬೆರಳಿಗೆ ಅಷ್ಟೇ. ದೊಡ್ಡದಾಗಿ ಕಾಣುವುದು ನಮ್ಮ ಮನಸ್ಸಿನ ಲೆಕ್ಕ.

ಗ್ರಹ ಮಿನುಗುವುದಿಲ್ಲ, ನಕ್ಷತ್ರ ಮಿನುಗುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಮಾತು ನಿಜ, ಆದರೆ ಬಾನಂಚಿನ ಹತ್ತಿರ ನಂಬಬೇಡಿ. ಅಲ್ಲಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ 30 ಪಟ್ಟಿಗೂ ಜಾಸ್ತಿ ಗಾಳಿಯನ್ನು ದಾಟಿ ಬರಬೇಕು. ಶುಕ್ರ, ಗುರು ಕೂಡ ಅಲ್ಲಿ ನಡುಗುತ್ತವೆ, ಬಣ್ಣ ಬದಲಿಸುತ್ತವೆ. ಡಿಸೆಂಬರ್ ರಾತ್ರಿಗಳಲ್ಲಿ ಲುಬ್ಧಕ ಪೂರ್ವದಲ್ಲಿ ಮೂಡುವುದನ್ನು ಒಮ್ಮೆ ಪುರುಸೊತ್ತಾಗಿ ನೋಡಿ. ಕ್ಷಣಕ್ಕೆ ಕೆಂಪು, ಕ್ಷಣಕ್ಕೆ ಹಸಿರು, ಕ್ಷಣಕ್ಕೆ ನೀಲಿ. ಡ್ರೋನ್ ಇರಬೇಕು, ವಿಮಾನ ಇರಬೇಕು ಅಂತ ಎಷ್ಟೋ ಜನ ಫೋನ್ ಮಾಡುತ್ತಾರೆ. ಒಂದು ಗಂಟೆ ಬಿಟ್ಟು ನೋಡಿದರೆ ಅದೇ ನಕ್ಷತ್ರ ಮೇಲೇರಿ, ಬಿಳಿಯಾಗಿ ಮಿನುಗುತ್ತಿರುತ್ತದೆ. ಮೂರು ಮುಷ್ಟಿ ಎತ್ತರಕ್ಕೆ ಬಂದ ಮೇಲೂ ಅಲುಗದೆ ಬೆಳಗಿದರೆ ಅದನ್ನು ಗ್ರಹ ಅನ್ನಿ.

ಇದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ದಿನವೂ ಒಂದೇ ಜಾಗದಲ್ಲಿ ನಿಂತು, ಸೂರ್ಯ ಮುಳುಗಿ ಅರ್ಧ ಗಂಟೆಗೆ ಸರಿಯಾಗಿ ನೋಡುವುದು. ಮರವೋ ವಿದ್ಯುತ್ ಕಂಬವೋ ಒಂದು ಗುರುತು ಇಟ್ಟುಕೊಳ್ಳಿ. ನಕ್ಷತ್ರಗಳೆಲ್ಲ ದಿನಕ್ಕೆ ನಾಲ್ಕು ನಿಮಿಷ ಬೇಗ ಮುಳುಗುತ್ತವೆ, ಅಂದರೆ ವಾರಕ್ಕೆ ಸುಮಾರು ಮುಕ್ಕಾಲು ಮುಷ್ಟಿ ಪಶ್ಚಿಮಕ್ಕೆ ಇಳಿಯುತ್ತವೆ. ಒಂದಕ್ಕೊಂದರ ಅಂತರ ಮಾತ್ರ ಬದಲಾಗುವುದಿಲ್ಲ. ಆ ಸಾಲಿನಲ್ಲಿ ಯಾವುದು ಅಕ್ಕಪಕ್ಕದವರನ್ನು ಬಿಟ್ಟು ಸರಿಯುತ್ತದೋ ಅದು ಗ್ರಹ. ಹತ್ತು ದಿನ ನೋಡಿದರೆ ಶುಕ್ರನ ಓಟ ಕಣ್ಣಿಗೇ ಹೊಡೆಯುತ್ತದೆ. ಶನಿಯದ್ದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಬುಧನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅದು ಸೂರ್ಯನಿಂದ ಒಂದೊಂದು ಸಲಕ್ಕೆ ಹೆಚ್ಚೆಂದರೆ 18ರಿಂದ 28 ಡಿಗ್ರಿ ದೂರ ಹೋಗುವ ಗ್ರಹ. ನೋಡಲು ಸಿಗುವುದು ಸೂರ್ಯ ಮುಳುಗುವ ಅಥವಾ ಮೂಡುವ ಹೊತ್ತಿಗೆ ಮಾತ್ರ. ಯೂರೋಪಿನವರಿಗೆ ಇದು ಬಲು ಕಷ್ಟ. ಅಲ್ಲಿ ಗ್ರಹಗಳ ದಾರಿ ವರ್ಷದ ಬಹುಪಾಲು ಬಾನಂಚಿಗೆ ಓರೆಯಾಗಿ ಮಲಗಿರುತ್ತದೆ, ಬುಧ ಮೇಲೇಳುವುದೇ ಇಲ್ಲ. ಭೂಮಧ್ಯರೇಖೆಗೆ ಹತ್ತಿರ ಇರುವ ನಮಗೆ ಆ ದಾರಿ ಯಾವಾಗಲೂ ಕಡಿದಾಗಿ ನಿಂತಿರುತ್ತದೆ. ಈ ಭಾಗ್ಯ ನಮಗಿದೆ ಅಂತ ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ವರ್ಷಕ್ಕೆ ಆರೇಳು ಸಲ ಬುಧ ಕಾಣುವ ಅವಕಾಶ ಬರುತ್ತದೆ.

ಹತ್ತಿರದ ಅವಕಾಶ 2026ರ ಫೆಬ್ರವರಿಯಲ್ಲಿ. 19ಕ್ಕೆ ಬುಧ ಸಂಜೆಯ ಕಡೆ ಅತಿ ದೂರ ಬಂದಿರುತ್ತದೆ. ಆದರೆ ನೀವು 18ರ ಬುಧವಾರವೇ ಮಾಳಿಗೆ ಹತ್ತಿ. ನಿಮ್ಮ ಕಡೆ ಸೂರ್ಯ ಸುಮಾರು ಆರೂವರೆಗೆ ಮುಳುಗುತ್ತಾನೆ. ಹದಿನೈದು ಇಪ್ಪತ್ತು ನಿಮಿಷಕ್ಕೆ, ಸೂರ್ಯ ಇಳಿದ ಜಾಗದ ಮೇಲೆ ಅರ್ಧ ಮುಷ್ಟಿ ಎತ್ತರದಲ್ಲಿ ಶುಕ್ರ. ಮೊದಲು ಅದನ್ನು ಹಿಡಿಯಿರಿ, ಬೇಗ ಮುಳುಗಿಬಿಡುತ್ತದೆ. ಅದರ ಸ್ವಲ್ಪ ಮೇಲೆ ಕೂದಲೆಳೆಯಷ್ಟು ಚಂದ್ರ, ಅಮಾವಾಸ್ಯೆ ಕಳೆದು ಒಂದೇ ದಿನದ್ದು. ಚಂದ್ರನಿಗಿಂತ ಮೇಲೆ ಅರ್ಧ ಮುಷ್ಟಿಯಷ್ಟು ದೂರದಲ್ಲಿ ಬುಧ. ಏಳು ಗಂಟೆ ಹೊತ್ತಿಗೆ ಇನ್ನೂ ಮೇಲೆ, ಬುಧನಿಂದ ಒಂದು ಮುಷ್ಟಿಗಿಂತ ಜಾಸ್ತಿ ದೂರದಲ್ಲಿ, ಮಂಕಾಗಿ ಶನಿ ಕಾಣುತ್ತದೆ. ಈಗ ಬೆನ್ನು ತಿರುಗಿಸಿ. ಪೂರ್ವಕ್ಕೆ ಎತ್ತರದಲ್ಲಿ ಗುರು. ಆಗ್ನೇಯಕ್ಕೆ ಲುಬ್ಧಕ. ದಕ್ಷಿಣಕ್ಕೆ ಎರಡು ಮುಷ್ಟಿಗಿಂತ ಕಡಿಮೆ ಎತ್ತರದಲ್ಲಿ ಅಗಸ್ತ್ಯ. ನೆತ್ತಿಯ ಹತ್ತಿರ ರೋಹಿಣಿ, ಮತ್ತೆ ಕೃತ್ತಿಕೆ ಅನ್ನುವ ನಕ್ಷತ್ರಗಳ ಗೊಂಚಲು. ಅರ್ಧ ಗಂಟೆಯಲ್ಲಿ ನಾಲ್ಕು ಗ್ರಹ, ಚಂದ್ರ, ಆಕಾಶದ ಎರಡು ಅತಿ ಪ್ರಕಾಶದ ನಕ್ಷತ್ರಗಳು. ಮಗಳ ಜೊತೆ ಅವಳ ಗೆಳತಿಯರನ್ನೂ ಕರೆಯಿರಿ.

ಬೆನ್ನು ತಿರುಗಿಸಿ ಅಂದೆನಲ್ಲ, ಅದನ್ನು ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೇ ಒಮ್ಮೆ ಮಾಡಿ. ಗಾಳಿ ಸ್ವಚ್ಛ ಇದ್ದ ದಿನ ಪೂರ್ವದ ಬಾನಂಚಿಗೆ ಬೂದು ನೀಲಿ ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಅದರ ಮೇಲೆ ನಸುಗೆಂಪು ಪಟ್ಟಿ. ಕೆಳಗಿನ ನೀಲಿ ಮೋಡ ಅಲ್ಲ, ಭೂಮಿಯ ನೆರಳು. ನಾವು ನಿಂತ ನೆಲದ ನೆರಳು ಗಾಳಿಯ ಮೇಲೆ ಬಿದ್ದು, ನೋಡುತ್ತಿದ್ದಂತೆ ಮೇಲೇರುತ್ತದೆ. ಚಂದ್ರಗ್ರಹಣದ ದಿನ ಚಂದ್ರನನ್ನು ನುಂಗುವುದು ಇದೇ ನೆರಳು. ದಿನವೂ ಎದುರಿಗೇ ಬರುತ್ತದೆ, ಎಲ್ಲರೂ ಪಶ್ಚಿಮದ ಕೆಂಪು ನೋಡುತ್ತ ನಿಂತಿರುತ್ತಾರೆ.

ಚಂದ್ರನದ್ದು ಸುಲಭದ ಲೆಕ್ಕ. ಶುಕ್ಲಪಕ್ಷ ಸಂಜೆಗೆ, ಕೃಷ್ಣಪಕ್ಷ ನಸುಕಿಗೆ. ಬೆಳಗಿದ ಬದಿ ಯಾವಾಗಲೂ ಸೂರ್ಯನ ಕಡೆಗೆ. ಬಿದಿಗೆ, ತದಿಗೆಯ ಚಂದ್ರ ನಮ್ಮ ಕಡೆ ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ, ಫೆಬ್ರವರಿ ಮಾರ್ಚ್‌ನಲ್ಲಿ ಇದು ಎದ್ದು ಕಾಣುತ್ತದೆ. ಆ ಎಳೆಯ ಒಳಗೆ ಉಳಿದ ಚಂದ್ರನೂ ಮಸುಕಾಗಿ ಕಾಣುತ್ತಾನೆ, ಗಮನಿಸಿದ್ದೀರಾ? ಅದಕ್ಕೆ ಬೆಳಕು ಕೊಟ್ಟಿರುವುದು ನಮ್ಮ ಭೂಮಿ. ಚಂದ್ರನ ಮೇಲೆ ನಿಂತು ನೋಡಿದರೆ ಆಗ ಭೂಮಿ ಹೆಚ್ಚುಕಡಿಮೆ ಹುಣ್ಣಿಮೆಯಷ್ಟು ತುಂಬಿರುತ್ತದೆ. ನಮ್ಮ ಮೋಡ, ಕಡಲಿನಿಂದ ಚಿಮ್ಮಿದ ಬಿಸಿಲು ಅಲ್ಲಿಗೆ ಹೋಗಿ ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. ಲಿಯೊನಾರ್ಡೊ ಡ ವಿಂಚಿ ಇದರ ಕಾರಣವನ್ನು ಐದು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದ.

ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ 13 ಡಿಗ್ರಿ ಪೂರ್ವಕ್ಕೆ ನಡೆಯುತ್ತಾನೆ, ಒಂದು ಮುಷ್ಟಿ ಮತ್ತು ಮೂರು ಕಿರುಬೆರಳು. ಹಾಗಾಗಿ ತಿಂಗಳಿಗೊಮ್ಮೆ ಪ್ರತಿ ಗ್ರಹದ ಹತ್ತಿರವೂ ಹಾದುಹೋಗುತ್ತಾನೆ. 2023ರ ಮಾರ್ಚ್ 24ರ ಸಂಜೆ ಚಂದ್ರನ ಕೆಳಗೆ ಬೊಟ್ಟಿಟ್ಟ ಹಾಗೆ ಶುಕ್ರ ಕಂಡದ್ದು ನೆನಪಿದೆ ಅಲ್ವಾ? ವಾಟ್ಸ್ಆ್ಯಪ್ ತುಂಬ ಅದೇ ಚಿತ್ರ ಇತ್ತು. 2026ರ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ, ಅವತ್ತು ಸಂಜೆ ಚೌತಿ ಚಂದ್ರನ ಸಮೀಪವೇ ಶುಕ್ರ ಇರುತ್ತದೆ. ಚೌತಿಯ ಚಂದ್ರನನ್ನು ನೋಡಬಾರದು ಅನ್ನುವ ಮನೆಗಳಿಗೆ ಅವತ್ತು ಇಕ್ಕಟ್ಟು. ನಾನಂತೂ ನೋಡಿ ಅಂತಲೇ ಹೇಳುತ್ತೇನೆ.

ಇನ್ನು ನಿಮ್ಮ ತಂದೆಯವರ ಮಳೆ ನಕ್ಷತ್ರ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಪ್ರಶ್ನೆ ಇದು. ಆ ದಿನಗಳಲ್ಲಿ ಆ ನಕ್ಷತ್ರ ಸಿಗುವುದಿಲ್ಲ ಅಂತ ನೀವು ಗಮನಿಸಿದ್ದು ಸರಿ. ಕಾಣದೇ ಇರುವುದೇ ಅದರ ಲೆಕ್ಕ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಮಳೆಗೆ ಆ ಹೆಸರು. ಪಂಚಾಂಗದಲ್ಲಿ ಮಹಾನಕ್ಷತ್ರ ಅಂತ ಬರೆಯುವುದು ಇದನ್ನೇ. ಸೂರ್ಯನ ದಾರಿಯನ್ನು 27 ಪಾಲು ಮಾಡಿದ್ದಾರೆ, ಒಂದೊಂದು ಪಾಲು ದಾಟಲು ಅವನಿಗೆ ಹದಿಮೂರು, ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿಗೆ ಬರುತ್ತಾನೆ, ಜೂನ್ 21, 22ರ ಸುಮಾರಿಗೆ ಆರಿದ್ರೆಗೆ. ಸೂರ್ಯ ಎದುರಿಗೆ ನಿಂತ ಮೇಲೆ ಹಿಂದಿರುವ ನಕ್ಷತ್ರ ನಮಗೆ ಕಾಣುವುದು ಹೇಗೆ?

ಕಾಣದ ನಕ್ಷತ್ರ ಹಾಗಿದ್ದರೆ ಹಿಂದಿನವರಿಗೆ ಗೊತ್ತಾಗಿದ್ದು ಹೇಗೆ? ಮುಸ್ಸಂಜೆ ಮತ್ತು ನಸುಕಿನಿಂದಲೇ. ಸೂರ್ಯ ಮುಂದೆ ಹೋಗಬೇಕಾದ ನಕ್ಷತ್ರಗಳು ಸಂಜೆ ಪಶ್ಚಿಮದಲ್ಲಿ ಕಾಣುತ್ತವೆ. ದಾಟಿ ಬಂದ ನಕ್ಷತ್ರಗಳು ನಸುಕಿಗೆ ಪೂರ್ವದಲ್ಲಿ ಕಾಣುತ್ತವೆ. ನಡುವೆ ಯಾವುದು ಎರಡೂ ಕಡೆ ಇಲ್ಲವೋ ಸೂರ್ಯ ಅಲ್ಲಿದ್ದಾನೆ. ನೀವೇ ಮಾಡಿ ನೋಡಿ. ಏಪ್ರಿಲ್ ಸಂಜೆ ಪಶ್ಚಿಮದಲ್ಲಿ ಕೆಂಬಣ್ಣದ ರೋಹಿಣಿ ನಕ್ಷತ್ರ ಚೆನ್ನಾಗಿ ಕಾಣುತ್ತದೆ. ವಾರ ವಾರ ಕೆಳಗಿಳಿದು ಮೇ ಮಧ್ಯದ ಹೊತ್ತಿಗೆ ಸಂಜೆಯ ಬೆಳಕಿನಲ್ಲಿ ಕರಗುತ್ತದೆ. ಆಮೇಲೆ ರೋಹಿಣಿ ಮಳೆಯ ದಿನಗಳು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವ ಗಾದೆ ನಿಮ್ಮ ಕಡೆಯದ್ದೇ. ಜೂನ್ ಕೊನೆಯಲ್ಲಿ ಮೋಡ ಬಿಡುವು ಕೊಟ್ಟರೆ ಅದೇ ರೋಹಿಣಿ ನಸುಕಿನ ಪೂರ್ವದಲ್ಲಿ, ಕೃತ್ತಿಕೆಯ ಕೆಳಗೆ ಮರಳಿ ಬಂದಿರುತ್ತದೆ. ಆ ಹೊತ್ತಿಗೆ ಸೂರ್ಯ ಆರಿದ್ರೆಯಲ್ಲಿ. ಆರಿದ್ರಾ ನಕ್ಷತ್ರ ಕಾಣಬೇಕಾದರೆ ಜುಲೈ ಮಧ್ಯ ದಾಟಬೇಕು. ಹಿಂಗಾರಿನಲ್ಲೂ ಹಾಗೇ. ಚಿತ್ತೆ ಮಳೆ ಅಕ್ಟೋಬರ್‌ನಲ್ಲಿ, ಚಿತ್ತಾ ನಕ್ಷತ್ರ ನಸುಕಿಗೆ ಕಾಣುವುದು ನವೆಂಬರ್ ಮೊದಲ ವಾರದ ಹೊತ್ತಿಗೆ. ಆಗ ಆಕಾಶವೂ ತಿಳಿಯಾಗಿರುವುದರಿಂದ ಮೊದಲ ಸಲ ಪ್ರಯತ್ನ ಮಾಡುವವರಿಗೆ ನಾನು ಚಿತ್ತೆಯನ್ನೇ ಹೇಳುತ್ತೇನೆ.

ಅದೇ ಪಂಚಾಂಗದಲ್ಲಿ ದಿನನಕ್ಷತ್ರ ಅಂತ ಇನ್ನೊಂದು ಕಾಲಂ ಇರುತ್ತದೆ. ಅದು ಚಂದ್ರನ ಜಾಗ. ಚಂದ್ರ 27.3 ದಿನದಲ್ಲಿ ಒಂದು ಸುತ್ತು ಮುಗಿಸುವುದರಿಂದ ದಿನಕ್ಕೊಂದು ನಕ್ಷತ್ರ. ಪಂಚಾಂಗದಲ್ಲಿ ರೋಹಿಣಿ ಅಂತ ಇದ್ದ ರಾತ್ರಿ ಚಂದ್ರ ರೋಹಿಣಿಯ ಆಸುಪಾಸಿನಲ್ಲೇ ಇರುತ್ತಾನೆ. ಮಗಳಿಗೆ ನಕ್ಷತ್ರ ಪರಿಚಯ ಮಾಡಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುವುದು, ಅಂಗಳಕ್ಕೆ ಬಂದು ಚಂದ್ರನ ಪಕ್ಕ ಯಾರಿದ್ದಾರೆ ಅಂತ ನೋಡುವುದು. ಹುಣ್ಣಿಮೆಯ ಹತ್ತಿರ ಬೇಡ, ಬೆಳಕು ಜಾಸ್ತಿ.

ಅಗಸ್ತ್ಯನ ಬಗ್ಗೆಯೂ ಒಂದು ಮಾತು. ಉತ್ತರ ಭಾರತದವರಿಗೆ ಅದು ದಕ್ಷಿಣದ ಬಾನಂಚಿಗೆ ಅಂಟಿಕೊಂಡ ನಕ್ಷತ್ರ. ನಮಗೆ ಚೆನ್ನಾಗಿ ಮೇಲೇರುತ್ತದೆ. ಮಳೆಗಾಲ ಇಳಿಯುವ ಆಗಸ್ಟ್ ಕೊನೆಗೆ ನಸುಕಿನಲ್ಲಿ ದಕ್ಷಿಣ ಆಗ್ನೇಯಕ್ಕೆ ನೋಡಿ. ಅಗಸ್ತ್ಯ ಉದಯವಾದ ಮೇಲೆ ಹೊಳೆಯ ನೀರು ತಿಳಿಯಾಗುತ್ತದೆ ಅನ್ನುವ ಹಳೆಯ ಮಾತಿಗೂ ಈ ಕಾಲಕ್ಕೂ ಹೊಂದಿಕೆ ಇದೆ.

ಜಾಗದ ವಿಷಯಕ್ಕೆ ಬಂದರೆ ನಿಮ್ಮ ಬಯಲುಸೀಮೆ ಪುಣ್ಯಭೂಮಿ. ಮಲೆನಾಡಿನವರಿಗೆ ಗುಡ್ಡ ಅಡ್ಡ. ಕರಾವಳಿಯವರಿಗೆ ಪಶ್ಚಿಮಕ್ಕೆ ಕಡಲು ಬಯಲಾಗಿದ್ದರೂ ಪೂರ್ವಕ್ಕೆ ಘಟ್ಟ. ಬೆಂಗಳೂರಿನವರಿಗೆ ಕಟ್ಟಡ, ಧೂಳು. ನಿಮಗೆ ಎರಡೂ ಕಡೆ ಬಾನಂಚು ನೆಲ ಮುಟ್ಟುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮೋಡ ಹರಿದ ಸಂಜೆ ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಅದನ್ನೂ ಬಿಡಬೇಡಿ. 2026ರ ಜೂನ್ 9ರ ಸುಮಾರಿಗೆ ಶುಕ್ರ, ಗುರು ಮತ್ತೆ ಹತ್ತಿರ ಬರುತ್ತವೆ, ಈ ಸಲ ಸಂಜೆ ಪಶ್ಚಿಮದಲ್ಲಿ. ಮುಂಗಾರು ಬರುವ ಹೊತ್ತಾದ್ದರಿಂದ ಆ ದಿನಕ್ಕೇ ಕಾಯಬೇಡಿ, ಮೇ ಕೊನೆಯಿಂದಲೇ ನೋಡುತ್ತ ಬನ್ನಿ.

ದೂರದರ್ಶಕ ಈಗಲೇ ಬೇಡ. ಅಗ್ಗದ ದೂರದರ್ಶಕಗಳ ಸ್ಟ್ಯಾಂಡ್ ಅಲುಗಾಡುತ್ತದೆ, ಚಂದ್ರ ನಿಲ್ಲುವುದೇ ಇಲ್ಲ, ಮಕ್ಕಳು ಎರಡು ವಾರದಲ್ಲಿ ಬೇಸತ್ತು ಅಟ್ಟಕ್ಕೆ ಹಾಕುತ್ತಾರೆ. 7×50 ಅಥವಾ 10×50 ಅಂತ ಬರೆದಿರುವ ಬೈನಾಕ್ಯುಲರ್ ಕೊಡಿಸಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮೊಣಕೈಗಳನ್ನು ಪ್ಯಾರಪೆಟ್ ಗೋಡೆಯ ಮೇಲೆ ಊರಿ ಹಿಡಿದರೆ ಚಂದ್ರನ ಕುಳಿಗಳು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಗುರುವಿನ ಪಕ್ಕ ಅದರ ಚಂದ್ರರು ಕಾಣುತ್ತಾರೆ. 2026ರ ಅಕ್ಟೋಬರ್ 24ಕ್ಕೆ ಶುಕ್ರ ಮತ್ತೆ ನಮ್ಮ ಮತ್ತು ಸೂರ್ಯನ ನಡುವೆ ದಾಟುತ್ತದೆ. ಅದಕ್ಕೆ ಮೂರು ನಾಲ್ಕು ವಾರ ಮೊದಲು, ಸಂಜೆ ಸೂರ್ಯ ಮುಳುಗಿದ ಮೇಲೆ ಆಕಾಶ ಇನ್ನೂ ಬೆಳಕಾಗಿರುವಾಗ 10×50ರಲ್ಲಿ ನೋಡಿದರೆ ಶುಕ್ರ ಬಿದಿಗೆ ಚಂದ್ರನ ಆಕಾರದಲ್ಲಿ ಕಾಣುತ್ತದೆ. ಗೆಲಿಲಿಯೊ 1610ರಲ್ಲಿ ನೋಡಲು ಶುರುಮಾಡಿದ್ದು ಚಂದ್ರನ ಹಾಗೆ ಬದಲಾಗುವ ಶುಕ್ರನ ಇದೇ ಆಕಾರಗಳನ್ನು. ಶುಕ್ರ ಸೂರ್ಯನನ್ನು ಸುತ್ತುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಾಯಿತು.

ಒಂದು ಎಚ್ಚರಿಕೆ ಮಾತ್ರ ಮಗಳಿಗೆ ಮತ್ತೆ ಮತ್ತೆ ಹೇಳಿ. ಸಂಜೆ ಸೂರ್ಯ ಪೂರ್ತಿ ಮುಳುಗುವ ತನಕ ಬೈನಾಕ್ಯುಲರ್ ಕೈಗೆ ಕೊಡಬೇಡಿ. ನಸುಕಿನಲ್ಲಿ ಸೂರ್ಯೋದಯಕ್ಕೆ ಹತ್ತು ನಿಮಿಷ ಇರುವಾಗಲೇ ಡಬ್ಬಿಗೆ ಹಾಕಿಸಿ. ಬುಧನನ್ನು ಹುಡುಕುವ ಉತ್ಸಾಹದಲ್ಲಿ ಕಣ್ಣು ಒಂದು ಕ್ಷಣ ಸೂರ್ಯನ ಅಂಚಿಗೆ ತಾಗಿದರೂ ದೃಷ್ಟಿಗೆ ವಾಸಿಯಾಗದ ಪೆಟ್ಟು ಬೀಳಬಹುದು. ಸೂರ್ಯೋದಯ, ಸೂರ್ಯಾಸ್ತದ ಹೊತ್ತು ದಿನದ ಪತ್ರಿಕೆಯಲ್ಲೂ ಪಂಚಾಂಗದಲ್ಲೂ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಮೊದಲು ಅದನ್ನು ಬರೆದುಕೊಂಡೇ ಮಾಳಿಗೆ ಹತ್ತಲಿ.